ಥೈರಾಯ್ಡ್ ಮಾತ್ರೆಗಿಂತ ಮೊದಲು

ಅಕ್ಟೋಬರ್ 14, 2023, ಶನಿವಾರ. ಬೆಳಿಗ್ಗೆ 9.25, ಅಲ್ಫರೆಟಾ, ಅಮೆರಿಕ

ಕಾಫಿ ರೆಡಿ. ಚಾರ್ಜರ್ ರೆಡಿ. ಇನ್ನೈದು ನಿಮಿಷಕ್ಕೆ ವೇದಾ ಆಂಟಿಯ ಕೇಸ್ ಥ್ರೆಡ್! ನಲವತ್ತು ವರ್ಷ ಅಟ್ಲಾಂಟಾದಲ್ಲಿ ಹಾರ್ಮೋನ್ ಡಾಕ್ಟರ್ ಆಗಿದ್ದವರು. ಈಗ ರಿಟೈರ್ಡ್. ಕರ್ನಾಟಕದ ತಾಲ್ಲೂಕು ಡಾಕ್ಟರುಗಳು ಕಳಿಸುವ ಕೇಸುಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ನಮ್ಮಂಥ ಹೊಸ ಡಾಕ್ಟರುಗಳಿಂದ ಬಿಡಿಸುತ್ತಾರೆ. ಸ್ಕ್ಯಾನ್ ಕೇಳುವಂತಿಲ್ಲ — ಅಲ್ಲಿ ಇಲ್ಲ. ಐದು ಪ್ರಶ್ನೆ, ಎರಡು ಟೆಸ್ಟ್, ಅಷ್ಟೇ.

ಎಂಬಿಬಿಎಸ್ ಮುಗಿಸಿ, ಇಲ್ಲಿನ ರೆಸಿಡೆನ್ಸಿ ತರಬೇತಿಗೆ ಅಪ್ಲೈ ಮಾಡಿ, ಅಣ್ಣನ ಮನೆಯಲ್ಲಿ ಕಾಯುತ್ತಾ ಕೂತಿರುವ ನನಗೆ ವಾರಕ್ಕೆ ಇದೊಂದೇ ಹಬ್ಬ.

ಅತ್ತಿಗೆ: "ನಿಧಿ, ಕ್ರಿಕೆಟ್ ನೋಡೋರೂ ಇಷ್ಟು ಕಿರುಚಲ್ಲ ಕಣೇ."

10.05

ಇವತ್ತಿನ ಪೇಷೆಂಟ್ ಈಗ ವಾರ್ಡಿನಲ್ಲೇ ಇದ್ದಾಳೆ! ಕಳಿಸಿದ್ದು ಉತ್ತರ ಕರ್ನಾಟಕದ ಡಾ. ಧೀರಜ್. ವಯಸ್ಸು ಮೂವತ್ತನಾಲ್ಕು. ಎಂಟು ವರ್ಷದಿಂದ ಸುಸ್ತು, ಚಳಿ, ಎದ್ದರೆ ತಲೆಸುತ್ತು. ಬಿಪಿ ಎಂಬತ್ತು. ರಕ್ತ ಕಡಿಮೆ ಅಂತ ಬರೀ ಟಾನಿಕ್.

ಎಂಟು ವರ್ಷದ ಹಿಂದೆ ಏನು? ಹೆರಿಗೆ.

ಕೇಳಿಯೇಬಿಟ್ಟೆ: "ಮಗುಗೆ ಹಾಲು ಬಂದಿತ್ತಾ?"

ಧೀರಜ್: "ಅದನ್ನ ನಾನು ಕೇಳೇ ಇಲ್ಲ. ಸಿಸ್ಟರ್ ಹತ್ರ ಕೇಳಿಸ್ತೀನಿ."

ಆರು ನಿಮಿಷ. ಉಗುರೆಲ್ಲ ಖಾಲಿ.

"ಒಂದು ಹನಿನೂ ಬರ್ಲಿಲ್ವಂತೆ. ಆಮೇಲೆ ಮುಟ್ಟೂ ಆಗಿಲ್ಲ. ಹೆರಿಗೇಲಿ ವಿಪರೀತ ಬ್ಲೀಡಿಂಗ್."

ಶೀಹಾನ್! ಶೀಹಾನ್ ಸಿಂಡ್ರೋಮ್! ರಕ್ತ ಹೋದ ಹೊಡೆತಕ್ಕೆ, ಹಾರ್ಮೋನುಗಳನ್ನೆಲ್ಲ ನಡೆಸುವ ಪಿಟ್ಯುಟರಿ ಗ್ರಂಥಿಯೇ ಸತ್ತಿದೆ! ಥೈರಾಯ್ಡ್ ರಿಪೋರ್ಟ್ ಕೂಡ ತೀರಾ ಕಡಿಮೆ. "ಇವತ್ತೇ ಥೈರಾಯ್ಡ್ ಮಾತ್ರೆ ಶುರು ಮಾಡಿ!!" ಎಂದು ಹಾಕಿದೆ. ಧೀರಜ್ ಥಂಬ್ಸ್ ಅಪ್. ಗ್ರೂಪ್ ತುಂಬಾ ಬೆಂಕಿ ಇಮೋಜಿ. ನಾನು ಸೋಫಾ ಹತ್ತಿ ಕುಣಿದೆ.

10.50

ಕುಣಿಯುತ್ತಿರುವಾಗಲೇ ವೇದಾ ಆಂಟಿಯ ಫೋನ್. "ನಿಧಿ, ಡಯಾಗ್ನೋಸಿಸ್ ಸರಿ, ಮಾತ್ರೆ ತಪ್ಪು. ಬಿಪಿ ಹಿಡಿದಿಡೋ ಕಾರ್ಟಿಸಾಲ್ ಹಾರ್ಮೋನೇ ಇಲ್ಲದ ಮೈಗೆ ಥೈರಾಯ್ಡ್ ಕೊಟ್ರೆ ಕುಸಿದು ಬೀಳ್ತಾಳೆ. ಅದರ ಬದಲಿಗೆ ಕೊಡೋ ಸ್ಟೀರಾಯ್ಡ್ ಮೊದಲು. ಧೀರಜ್‌ಗೆ ಹೇಳು, ಈಗಲೇ."

ಧೀರಜ್ ಎತ್ತಲಿಲ್ಲ. ಐದು ಸಲ! ಅವರು ಗ್ರೂಪಿಗೆ ಹಾಕಿದ್ದ ಲ್ಯಾಬ್ ಚೀಟಿಯ ಫೋಟೊದಲ್ಲಿ ಆಸ್ಪತ್ರೆಯ ನಂಬರ್ ಕಂಡಿತು, ಹಚ್ಚಿದೆ…

"ಸಿಸ್ಟರ್, ಅಮೆರಿಕದಿಂದ ಮಾತಾಡ್ತಿದೀನಿ —"

"ಅಮೆರಿಕದಿಂದ? ಚ್ಯಾಷ್ಟಿ ಮಾಡಾಕತ್ತೀರೇನ್ರಿ?"

"ಬಿಪಿ ಎಂಬತ್ತಿದೆಯಲ್ಲ, ಅವರಿಗೆ ಥೈರಾಯ್ಡ್ ಮಾತ್ರೆ ಕೊಟ್ರಾ?"

"ಕೈಯಾಗ ಕೊಟ್ಟೀನ್ರಿ. ನುಂಗಾಕ ನೀರ ತುಂಬಾಕತ್ತಾಳ."

"ಕಿತ್ಕೊಳ್ಳಿ!"

ಓಡಿದ ಚಪ್ಪಲಿ ಸದ್ದು. ಆಮೇಲೆ ಏದುಸಿರು. "ಕಸಗೊಂಡೆ ನೋಡ್ರಿ."

ಮತ್ತೆ ಧೀರಜ್ ನಂಬರ್ ಒತ್ತಿದೆ.

ಆಮೇಲೆ ಧೀರಜ್ ಸಿಕ್ಕರು. ಟೆಸ್ಟಿಗೆ ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ಸ್ಟೀರಾಯ್ಡ್ ಇಂಜೆಕ್ಷನ್. ಡೋಸ್ ಹೇಳಿದ್ದು ಆಂಟಿಯೇ. ನಾನು ಬರೆದುಕೊಂಡೆ, ಅಷ್ಟೇ.

ಅಕ್ಟೋಬರ್ 17, ಮಂಗಳವಾರ

ಹತ್ತರ ಮೇಲಿರಬೇಕಿದ್ದ ಕಾರ್ಟಿಸಾಲ್ ಒಂದಕ್ಕಿಂತ ಕಡಿಮೆ. ಶೀಹಾನೇ! ಬಿಪಿ ನೂರಾ ಹತ್ತು!!

ಧೀರಜ್ ಫೋನಿನಿಂದ ಅವಳದೇ ವಾಯ್ಸ್ ಮೆಸೇಜ್. ಹೆಸರು ರೇಣುಕಾದೇವಿ.

"ಅಕ್ಕಾರ, ಇವತ್ತ ಹಸಿವಾಗಿ ನಾನಽ ಕೇಳಿ ಊಟ ಮಾಡಿದೆ. ಒಂದ್ ಕೇಳೂದೈತ್ರಿ. ಹಾಲು ಬರಲಿಲ್ಲಂತ ಅತ್ತಿ ಎಂಟು ವರ್ಷದಿಂದ ಬೈತಾಳ. ನನ್ನ ತಪ್ಪಲ್ಲಂತ ಬರದು ಕೊಡ್ತೀರೇನ್ರಿ?"

ಆಂಟಿಗೆ ಫಾರ್ವರ್ಡ್ ಮಾಡಿದೆ. ತಕ್ಷಣ ಉತ್ತರ: "ನೀನೇ ಬರಿ. ಧೀರಜ್ ಸೈನ್ ಮಾಡಿ ಸೀಲ್ ಹಾಕ್ತಾರೆ."

ನಾನೇ! ಮೊದಲು ಇಲ್ಲೇ ಡ್ರಾಫ್ಟ್ —

ಅತ್ತೆಯವರಿಗೆ ನಮಸ್ಕಾರ. ಹಾಲು ಬರಿಸುವುದು ತಲೆಯೊಳಗಿರುವ ಕಡಲೆಕಾಳಿನಷ್ಟು ಗ್ರಂಥಿ. ಹೆರಿಗೆಯಲ್ಲಿ ರಕ್ತ ಹೋಗಿ ಅದು ಅವತ್ತೇ ಸತ್ತಿತ್ತು. ನಿಮ್ಮ ಸೊಸೆಯೂ ಸಾಯಬಹುದಿತ್ತು. ಬದುಕಿ, ಇಷ್ಟು ವರ್ಷ ನಿಮ್ಮ ಮನೆಗೆ ದುಡಿದಿದ್ದಾಳೆ. ಇದರಲ್ಲಿ ಅವಳ ತಪ್ಪು ಒಂದೂ ಇಲ್ಲ.