ಹನ್ನೆರಡು ನೀಲಿ ಚಡ್ಡಿಗಳು

ಗುರುವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಮಿಡತೆಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂತು, ನೀನು ಓಟ ಕಲಿಸುವ ಹುಡುಗಿಯರ ಅಳತೆಗಳೂ ಬಂದವು. ಹನ್ನೆರಡು ಚಡ್ಡಿಯೂ ಮುಗಿದಿವೆ. ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕಿದ್ದೇನೆ. ಗಾಳಿ ತುಂಬಿಕೊಂಡು ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ಇಳಿಯುತ್ತವೆ. ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ನೋಡುತ್ತಾ ಜೊಂಪು ಹತ್ತಿತು. ಅವು ಹಗ್ಗ ಬಿಟ್ಟು ಬೀದಿಯುದ್ದಕ್ಕೂ ಓಡಿದ ಹಾಗೆ ಕನಸು. ಕಾಲಿಲ್ಲ, ಸದ್ದಿಲ್ಲ, ಬರೀ ನೀಲಿ. ಎಲ್ಲಕ್ಕಿಂತ ಮುಂದೆ ಹದಿನಾಲ್ಕರ ನೀನಿದ್ದೆ. ಎಚ್ಚರವಾದಾಗ ಕೆನ್ನೆಯ ಮೇಲೆ ಅಳತೆಪಟ್ಟಿಯ ಗುರುತು ಬಿದ್ದಿತ್ತು.

ಕಾಗದದ ಕೊನೆಗೆ, ಅಪ್ಪನಿಗೆ ಗೊತ್ತಾಗದ ಹಾಗೆ ಹೊಲಿ ಎಂದು ಬರೆದಿದ್ದೀಯ. ಆ ಸಾಲನ್ನು ಅಂದಿನಿಂದ ಮತ್ತೆ ಮತ್ತೆ ತೆಗೆದು ಓದಿದ್ದೇನೆ. ಅಳೆದೂ ಸುರಿದೂ ಇವತ್ತು ಬರೆಯಲು ಕೂತಿದ್ದೇನೆ.

ಮೂವತ್ತು ವರ್ಷದಿಂದ ಈ ಬೀದಿಯ ಕಾಲುಗಳನ್ನು ಅಳೆದವಳು ನಾನು. ಹುಡುಗರಿಗೆ ಚಡ್ಡಿ, ಮೀಸೆ ಚಿಗುರಿದ ಮೇಲೆ ಪ್ಯಾಂಟು ಎಂಬುದು ಆಗಿನ ರೂಢಿ. ಮೊದಲ ಪ್ಯಾಂಟಿಗೆ ಅಳತೆ ಕೊಡಲು ಬಂದ ಹುಡುಗ ಎದೆ ಸೆಟೆಸಿ ನಿಲ್ಲುತ್ತಿದ್ದ. ಅವನ ಅಮ್ಮ ಹಳೇ ಚಡ್ಡಿಯನ್ನು ಸುಮ್ಮನೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ನಿಮ್ಮಪ್ಪನ ಕಥೆ ಮಾತ್ರ ಉಲ್ಟಾ. ಗಿರಣಿಯ ಗೇಟು ಕಾಯುವವರಿಗೆ ನಲವತ್ತು ದಾಟಿದರೂ ಬೂದು ಬಣ್ಣದ ಚಡ್ಡಿಯೇ, ಒಳಗೆ ಹೋಗುವ ಎಳೆ ಗುಮಾಸ್ತನಿಗೂ ಪ್ಯಾಂಟು. ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಆ ಚಡ್ಡಿ ಮೂಲೆಯಲ್ಲಿ ತಾನೇ ನಿಲ್ಲುತ್ತಿತ್ತು. ಅಪ್ಪನಿಗಿಂತ ಅದಕ್ಕೇ ಗತ್ತು ಜಾಸ್ತಿ ಎಂದು ನೀನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಮೀಸೆ ನರೆತ್ರೂ ನನ್ನನ್ನ ಹುಡುಗನ ಥರಾನೇ ಇಟ್ಟಿದಾರೆ, ಈ ಚಡ್ಡಿ ಕಂಡ್ರೆ ಆಗಲ್ಲ ಅಂತ ಒಮ್ಮೆ ಅಂದಿದ್ದರು. ಅದು ನಿನ್ನ ಕಿವಿಗೂ ಬಿದ್ದಿತ್ತು. ಅದಕ್ಕೇ ನನ್ನ ಸುಳ್ಳು ನಿನಗೆ ನಿಜವೆನಿಸಿತು.

ನಿನ್ನ ಹದಿನಾಲ್ಕರಲ್ಲಿ, ತಂಡದ ಆಯ್ಕೆಯ ಓಟದ ದಿನ ಮೈದಾನದಲ್ಲಿ ಚೀಲ ಬಿಚ್ಚಿದಾಗ ನಿನಗೆ ಸಿಕ್ಕಿದ್ದು ಚಡ್ಡಿಯಲ್ಲ, ಚಡ್ಡಿಗೆಂದು ತಂದ ನೀಲಿ ಬಟ್ಟೆಯಲ್ಲಿ ನಾನು ಹೊಲಿದಿಟ್ಟ ಫುಲ್ ಪ್ಯಾಂಟು. ಕಾಲಿಗೆ ತೊಡರುವ ಅದರಲ್ಲೇ ಓಡಿ ಐದನೆಯವಳಾದೆ. ಆರಿಸಿದ್ದು ನಾಲ್ವರನ್ನು. ಮನೆಗೆ ಬಂದು, ಯಾಕಮ್ಮ ಹೀಗ್ಮಾಡ್ದೆ ಅಂತ ನೀನು ಕೇಳಿದೆ. ಅಪ್ಪ ಹೇಳಿದ್ರು ಅಂತ ನಾನಂದೆ. ಅವರು ಹೇಳಿರಲಿಲ್ಲ, ಮಿಡತೆ. ಅವರಿಗೆ ಗೊತ್ತೇ ಇರಲಿಲ್ಲ. ಸಂಜೆ ನೀನು ಹರಿಹಾಯ್ದಾಗ ಅವರು ನನ್ನ ಮುಖ ನೋಡಿದರು. ಹೌದು, ನಾನೇ ಹೇಳಿದ್ದು ಅಂದುಬಿಟ್ಟರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹನ್ನೊಂದು ವರ್ಷದಿಂದ ನೀನು ಅವರನ್ನು ಮಾತಾಡಿಸಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಯಾಕೆ ಮಾಡಿದೆ ಎಂದರೆ, ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರು ಆಡಿಕೊಂಡರು. ಎದೆಯುದ್ದ ಬೆಳೆದ ಹುಡುಗಿ ಮೊಣಕಾಲು ಬಿಟ್ಕೊಂಡು ಓಡ್ಬೇಕಾ ಅಂದರು. ಅದೇ ಕಾರಣ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಷ್ಟೇ ಅಲ್ಲ. ಹತ್ತು ವರ್ಷದವಳಿದ್ದಾಗ ಅಣ್ಣನ ಚಡ್ಡಿ ತೊಟ್ಟು ತಾರಸಿಯ ಮೇಲೆ ಒಂದು ಮಧ್ಯಾಹ್ನ ನಾನೂ ಓಡಿದ್ದೆ. ಮೊಣಕಾಲಿಗೆ ಗಾಳಿ ತಾಗಿದ್ದು ಈಗಲೂ ನೆನಪಿದೆ, ಕೆಲವೊಮ್ಮೆ ಅದು ಕನಸೇನೋ ಅನಿಸುತ್ತದೆ. ನಿನ್ನ ಅಜ್ಜಿ ಕಂಡು ಕಿವಿ ಹಿಂಡಿ ಕೆಳಗಿಳಿಸಿದಳು. ಆಮೇಲೆ ನನ್ನ ಕಾಲಿಗೆ ಬಿಸಿಲು ಬಿದ್ದಿಲ್ಲ. ನೀನು ಓಡುವುದನ್ನು ನೋಡುವಾಗ ಹೆಮ್ಮೆಯ ಜೊತೆಗೇ ಹೊಟ್ಟೆಕಿಚ್ಚೂ ಆಗುತ್ತಿತ್ತು, ಅದೂ ಹೆತ್ತ ಮಗಳ ಮೇಲೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದೆ.

ನನ್ನ ಮೇಲೆ ಸಿಟ್ಟಾಗು, ಅದು ನನ್ನ ಪಾಲಿನದು. ಆದರೆ ಅವರ ಹೆಸರಿಗೊಂದು ಕಾಗದ ಹಾಕು. ಅಂಚೆಯವನ ಸೈಕಲ್ಲಿನ ಸದ್ದಾದರೆ ಮೊದಲು ಎದ್ದು ಹೋಗುವವರು ಅವರೇ. ನಿನ್ನ ಕಾಗದ ತಂದು ನನ್ನ ಕೈಗಿಟ್ಟು, ಚೆನ್ನಾಗಿದಾಳಂತಾ ಅಂತ ಅಷ್ಟೇ ಕೇಳುತ್ತಾರೆ.

ಇಷ್ಟು ವರ್ಷ ತಡವಾಗಿ,
ನಿನ್ನ ಅಮ್ಮ

ಸಂಜೆ ಸೇರಿಸಿದ್ದು: ಹಿತ್ತಲ ತುಂಬ ಹನ್ನೆರಡು ಚಡ್ಡಿ ಹಾರಾಡುವಾಗ ಅವರಿಗೆ ಗೊತ್ತಾಗದಿರುವುದು ಹೇಗೆ? ಲಾಡಿ ಪೋಣಿಸಿದವರೇ ನಿಮ್ಮಪ್ಪ. ಕವರು ಅಂಟಿಸುವ ಮೊದಲು ಈ ಕಾಗದ ಅವರಿಗೆ ಓದಿ ಹೇಳಿದೆ. ಹನ್ನೆರಡು ಲಾಡಿಯ ತುದಿಗಳಿಗೂ ಗಂಟು ಹಾಕಿ ಮುಗಿಸಿದರು. ಆಮೇಲೆ, ಆ ಓಟದ ದಿನದ್ದು ತೆಗೆದ್ಬಿಡೇ, ಅವಳಿಗೆ ಅಮ್ಮನಾದ್ರೂ ಇರ್ಲಿ ಅಂದರು. ನಾನು ತೆಗೆದಿಲ್ಲ.