ಗುಂಡಣ್ಣನ ಐದು ಕಿಲೋ

ತಮ್ಮಾ,

ರಾತ್ರಿ ಪಾಳಿ ಮುಗಿಸಿ ಬಂದವನು ಹಾಗೇ ಹಾಸಿಗೆಗೆ ಬೀಳಬೇಡ, ಮೊದಲು ಇದನ್ನು ಓದು. ಫೋನು ಇಲ್ಲೇ ಮರೆತು ಹೋಗಿದ್ದೀಯ, ಇಲ್ಲದಿದ್ದರೆ ಅದರಲ್ಲೇ ಬೈಯುತ್ತಿದ್ದೆ.

ಹೊರಡುವ ಮೊದಲು ಗುಂಡಣ್ಣನನ್ನು ತೂಗಿದೆ. ಹೋದ ತಿಂಗಳು ಪ್ರಾಣಿಧಾಮದಿಂದ ತಂದಾಗ ಹದಿನೆಂಟು ಕಿಲೋ ಇದ್ದ ನಾಯಿ ಈಗ ಇಪ್ಪತ್ಮೂರು! "ನಾನೇನೂ ಹಾಕಿಲ್ಲಕ್ಕಾ" ಅಂತ ರಾಗ ಎಳೆಯಬೇಡ. ಬಿಸ್ಕತ್ತಿನ ಖಾಲಿ ಪೊಟ್ಟಣಗಳು ನಿನ್ನ ಮಂಚದ ಕೆಳಗೇ ಸಿಕ್ಕವು. ಭಾರ ಹೆಚ್ಚಾದರೆ ಅವನನ್ನು ಬಿಟ್ಟು ಹೋಗುತ್ತೇನೆ ಅಂದುಕೊಂಡೆ, ಅಲ್ಲವಾ?

ಅವನನ್ನು ಸಾಕುವವರು ನಾನು ಇವತ್ತು ಹೋಗುವ ಊರಲ್ಲಿ ಕಾಯುತ್ತಿದ್ದಾರೆ, ಅವನು ಹೋಗಲೇಬೇಕು. ನಾನು ಹಾರಿಸುವುದು ಪುಟ್ಟ ವಿಮಾನ ಕಣೋ. ನನ್ನ ಚೀಲ, ಜರ್ಕಿನ್ ಎಲ್ಲ ಇಳಿಸಿದರೂ ಭಾರ ಮಿತಿ ಮೀರಿದೆ. ಕೊನೆಗೆ ಧಾಮದ ಮೇಲ್ವಿಚಾರಕಿಗೆ ಫೋನ್ ಮಾಡಿ, ಗುಂಡಣ್ಣನ ಜೊತೆ ಬರಬೇಕಿದ್ದ ಕುಂಟು ಬೆಕ್ಕನ್ನೂ ಅದರ ಮೂರು ಮರಿಗಳನ್ನೂ ವಿಮಾನಕ್ಕೆ ತರಬೇಡಿ ಅಂದೆ. ಧಾಮದಲ್ಲಿ ಜಾಗವಿಲ್ಲ. ಇವತ್ತು ಉಳಿದವಕ್ಕೆ ಸಂಜೆ ಐದಕ್ಕೆ ಸಾಯಿಸುವ ಸೂಜಿ ಚುಚ್ಚಿಬಿಡುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಧಾಮದ ಬಾಗಿಲು ತೆರೆಯುತ್ತಾರೆ, ಅಷ್ಟೊತ್ತಿಗೆ ನೀನು ಅಲ್ಲಿ ನಿಂತಿರಬೇಕು. ಬುಟ್ಟಿ ನಮ್ಮ ಬಾಗಿಲ ಹತ್ತಿರ ಇದೆ. ಗುರುತಿನ ಚೀಟಿ ಮರೆಯಬೇಡ. ನೀನೇ ಸಹಿ ಹಾಕಿ ನಾಲ್ಕನ್ನೂ ಮನೆಗೆ ತಾ. ಅವಕ್ಕೆ ಎಷ್ಟು ಬೇಕಾದರೂ ತಿನ್ನಿಸು, ನಾನು ಕೇಳುವುದಿಲ್ಲ.

ಈ ಚೀಟಿಯ ಮೇಲಿಟ್ಟ ನೀರಿನ ಬಾಟಲಿ ನನ್ನದು. ಗುಂಡಣ್ಣ ನಿನ್ನ ಹಳೇ ಸ್ವೆಟರ್ ಕಚ್ಚಿಕೊಂಡವನು ಬಿಡಲೇ ಇಲ್ಲ. ಅದರ ಭಾರಕ್ಕೆ ಇದನ್ನು ಇಳಿಸಿದೆ.

ಅಕ್ಕ