ನಲವತ್ತನಾಲ್ಕು ಎಂದು ಮೂರು ಸಲ

ಕೆಂಗಲ್ಲು, ೨೪೧೭ನೇ ಇಸವಿ, ಹದಿಮೂರನೇ ತಿಂಗಳ ಒಂಬತ್ತು

ನಲವತ್ತನಾಲ್ಕನೇ ಕಟ್ಟೆಯಲ್ಲಿ ನಿನ್ನೆ ಬೆಳಿಗ್ಗೆ ನಮ್ಮ ಊರಿನವರು ಐವತ್ತೆರಡು ಜನರನ್ನು ಕೊಂದರು. ಗೋಪುರವನ್ನು ಉರುಳಿಸಿ, ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿಯಿಟ್ಟರು. ಇದನ್ನು ತಿಳಿಸಿದವನು ಹೆಣ ಎಣಿಸಲು ಹೋಗಿದ್ದ ಕಾವಲಿನ ಯಂಕೋಬ. ಬಾವಿಯಲ್ಲಿರುವುದನ್ನು ತಾನು ಎಣಿಸಿಲ್ಲ ಎಂದೂ ಅವನು ಹೇಳಿದ್ದಾನೆ.

ನಾಲ್ಕು ನೂರು ವರ್ಷ ಹಿಂದಿರುವ ನಿಮಗೆ ಈ ತಾರೀಖೂ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ಸಂದೇಶವನ್ನು ಪಡೆದು ಮುಂದಿನ ಊರಿಗೆ ದಾಟಿಸುವ ಠಾಣೆಯನ್ನು ನಾವು ಕಟ್ಟೆ ಎನ್ನುತ್ತೇವೆ. ಪ್ರತಿ ಕಟ್ಟೆಗೂ ಒಂದು ಸಂಖ್ಯೆಯಿದೆ. ಇಂಥ ವಿಳಾಸಕ್ಕೆ ಇಲ್ಲಿಂದ ದಾರಿಯಿದೆ ಎಂಬ ಸುದ್ದಿ ಬಂದಾಗ ಕಟ್ಟೆಯವರು ತಮ್ಮ ಸಂಖ್ಯೆಯನ್ನು ಎಲ್ಲಕ್ಕಿಂತ ಮುಂದೆ ಬರೆದು ಪಕ್ಕದವರಿಗೆ ಕಳಿಸುತ್ತಾರೆ. ಈ ಸಾಲಿಗೆ ಹಾದಿಪಟ್ಟಿ ಎಂದು ಹೆಸರು. ಮೊದಲ ಸಂಖ್ಯೆ ನಮಗೆ ಹತ್ತಿರದ ಕಟ್ಟೆ, ಕೊನೆಯದು ಸುದ್ದಿ ಹುಟ್ಟಿದ ಕಟ್ಟೆ. ಗಿಡ್ಡ ಪಟ್ಟಿಯ ಹಾದಿಯಲ್ಲೇ ಸಂದೇಶ ಹೋಗುತ್ತದೆ. ಇದು ನಿಮ್ಮ ಕಾಲದವರು ಮಾಡಿಟ್ಟ ಏರ್ಪಾಡು.

ನಾಲ್ಕು ದಿನದ ಹಿಂದೆ ಜಲಾಶಯದ ಬಾಗಿಲು ಮುಚ್ಚಲು ನಾವು ಕಳಿಸಿದ ಆದೇಶ ಜಲಾಶಯಕ್ಕೆ ಮುಟ್ಟಲಿಲ್ಲ. ನೀರು ಕೆಳಕೇರಿಗೆ ನುಗ್ಗಿ ಹತ್ತೊಂಬತ್ತು ಜನ ಸತ್ತರು. ಜಲಾಶಯದ ವಿಳಾಸ ತಮ್ಮಲ್ಲಿದೆ ಎಂದು ಯಾರೋ ಸುಳ್ಳು ಸುದ್ದಿ ಹರಡಿದ್ದರು. ಅದರ ಪಟ್ಟಿ ಹೀಗಿತ್ತು: ೪೪, ೪೪, ೪೪, ೩೦, ೧೭. ನಿಜವಾದ ಹಾದಿಗೆ ಏಳು ಸಂಖ್ಯೆ, ಇದಕ್ಕೆ ಐದು; ಹಾಗಾಗಿ ನಮ್ಮ ಆದೇಶ ಈ ಸುಳ್ಳು ಹಾದಿ ಹಿಡಿದು ಕಳೆದುಹೋಯಿತು.

ನಮ್ಮ ಊರಿನ ಸಭೆಯಲ್ಲಿ ಒಂದು ಕೆಲಸವನ್ನು ತಾನೇ ಮಾಡಿದೆ ಎಂದು ಒಪ್ಪಿಕೊಳ್ಳುವವರು ತಮ್ಮ ಹೆಸರನ್ನು ಮೂರು ಸಲ ಹೇಳುವುದು ರೂಢಿ. ಪ್ರವಾಹದಲ್ಲಿ ತಂಗಿಯನ್ನು ಕಳೆದುಕೊಂಡ ದಳವಾಯಿ ದುರುಗಪ್ಪ ಮೊನ್ನೆಯ ಸಭೆಯಲ್ಲಿ ಆ ಪಟ್ಟಿಯನ್ನು ಎತ್ತಿ ಹಿಡಿದ. "ಮೂರು ಸಲ ಹೇಳ್ಯಾರ ನೋಡ್ರಿ, ನಾವಾ ಮಾಡೀವಿ ಅಂತ! ಇನ್ನೇನ್ ಸಾಕ್ಷಿ ಬೇಕು?" ನಲವತ್ತನಾಲ್ಕು ಒಪ್ಪಿಕೊಂಡಿತು ಎಂಬ ತಲೆಬರಹವನ್ನು ನಮ್ಮ ಗೋಡೆಪತ್ರಿಕೆಗೆ ಅಚ್ಚು ಹಾಕಿದವನು ನಾನು.

ಅಲ್ಲಿಂದ ಜೀವಸಹಿತ ತಂದದ್ದು ಒಬ್ಬಳನ್ನು ಮಾತ್ರ, ಆ ಕಟ್ಟೆಯ ಪಟ್ಟಿ ಓದುತ್ತಿದ್ದ ಮೌಲಾಬಿಯನ್ನು. ಅವಳ ಒಂದು ಕಿವಿಯನ್ನು ಕತ್ತರಿಸಿದ್ದರು. ಇಂದು ಕೈ ಕಟ್ಟಿ ಸಭೆಯಲ್ಲಿ ನಿಲ್ಲಿಸಿದಾಗ ಅವಳು ಹೇಳಿದಳು:

"ನಮ್ಮಲ್ಲಿ ಒಂದಾ ಬ್ಯಾಟರಿ ಉಳದಿತ್ರಿ. ನಮ್ಮ ಕಡೆ ಬರಬ್ಯಾಡ್ರಿ, ಬ್ಯಾರೆ ಹಾದಿ ಹಿಡೀರಿ ಅಂತ ನಮ್ಮ ನಂಬರ್ ಮೂರು ಸಲ ಬರದ್ವಿ. ಪಟ್ಟಿ ಉದ್ದಾದ್ರ ಮಂದಿ ಕಡಿಮಿ ಬರ್ತಾರ. ಎಲ್ಲಾ ಕಟ್ಟ್ಯಾಗೂ ಹಿಂಗಾ ಮಾಡ್ತಾರಿ."

"ಸಾಯೋ ಹೊತ್ತಿಗೆ ಪಾಠ ಹೇಳಾಕ ಹತ್ಯಾಳ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮೊದ್ಲಾ ಕೇಳಿದ್ರ ನನ್ನ ಮಕ್ಕಳು ಇರ್ತಿದ್ರೋ ಯಪ್ಪಾ," ಎಂದಳು ಅವಳು.

ದುರುಗಪ್ಪ ಪಟ್ಟಿಯನ್ನು ಮತ್ತೆ ನೋಡಿದ. "ಹಂಗಾದ್ರ ಕೊನೀದು ಹದಿನೇಳು. ಅವ್ರಾ ಅಂತಾತು."

"ಅದನ್ನ ಹದಿನೇಳರವ್ರಾ ಬರದಾರಂತ ಯಾರ್ ನೋಡ್ಯಾರಿ, ಗೌಡ್ರ? ನನಗ ಮೂವತ್ತರಿಂದ ಬಂತು, ಮುಂದ ದಾಟಿಸಿದೆ. ಅದರಾಗ ಸಹಿ ಇಲ್ಲ, ಮುದ್ರಿ ಇಲ್ಲ. ಮೂವತ್ತರವ್ರು ಸುಳ್ಳಾ ಬರದಿದ್ರ? ಮೊದ್ಲ ಹೋಗಿ ಕೇಳ್ರಿ. ಬೆಂಕಿ ಒಯ್ಯಬ್ಯಾಡ್ರಿ."

"ಯಾವ್ದಂತ ಗೊತ್ತಾಗದಿದ್ರ ಎರಡೂ ಸುಡೋಣು," ಎಂದ ದುರುಗಪ್ಪ. ಕೈ ಎತ್ತಿದವರು ಇನ್ನೂರ ಹನ್ನೊಂದು. ಎತ್ತದವರು ಏಳು. ಎರಡು ಕಟ್ಟೆಗಳಲ್ಲಿ ಸೇರಿ ಆರು ನೂರು ಜನರಿದ್ದಾರೆ. ಅವರಿಗೆ ಎಚ್ಚರಿಕೆ ಕಳಿಸಲು ಇದ್ದ ಹಾದಿ ನಲವತ್ತನಾಲ್ಕರ ಮೂಲಕವೇ ಇತ್ತು. ಆ ಗೋಪುರ ಈಗ ನೆಲದ ಮೇಲಿದೆ.

ನಿಮ್ಮಲ್ಲಿ ಒಂದು ಕೋರಿಕೆ. ಪಟ್ಟಿಯ ನಿಯಮಗಳನ್ನು ಬರೆಯುವ ಕೈ ಇನ್ನೂ ನಿಮ್ಮದೇ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಬರೆದವರ ಮುದ್ರೆಗೆ ಜಾಗ ಬಿಡಿ. ಮುದ್ರೆಯಿಲ್ಲದ ಪಟ್ಟಿಯನ್ನು ಯಾವ ಕಟ್ಟೆಯೂ ಮುಂದೆ ದಾಟಿಸದಂತೆ ಕಟ್ಟಳೆ ಮಾಡಿ.

ನಾಳೆ ಬೆಳಿಗ್ಗೆ ಆರಕ್ಕೆ ಉತ್ತರ ಬಾಗಿಲಿನಿಂದ ಎರಡು ತುಕಡಿಗಳು ಹೊರಡಲಿವೆ, ಒಂದು ಮೂವತ್ತಕ್ಕೆ, ಇನ್ನೊಂದು ಹದಿನೇಳಕ್ಕೆ. ದಾರಿ ತೋರಿಸಲು ಮೌಲಾಬಿಯನ್ನು ಮೊದಲ ತುಕಡಿಯೊಂದಿಗೆ ಕರೆದೊಯ್ಯಲಾಗುವುದು.